ಪೊಲೀಸ್ ಜೀಪು ಸ್ವಲ್ಪ ತಡವಾಗಿ ಬರಲಿ

ಮಕ್ಕಳಿಗಾಗಿ ಸಾಹಸ ಕಥೆ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದಿಕೊಡುವುದು ನನ್ನ ಕೆಲಸ. ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಭಾಷೆ ಚೆನ್ನಾಗಿರುತ್ತದೆ, ಮಳೆ ಚೆನ್ನಾಗಿ ಸುರಿಯುತ್ತದೆ, ಮಕ್ಕಳ ಜಗಳಗಳಂತೂ ಸೊಗಸು. ಕೊನೆಯ ಅಧ್ಯಾಯ ಹತ್ತಿರ ಬಂದಾಗ ಮಾತ್ರ ನನಗೆ ತಳಮಳ ಶುರು. ಮೂವರು ಮಕ್ಕಳನ್ನು ಕಳ್ಳರು ಹಾಳುಮನೆಯಲ್ಲಿ ಕೂಡಿಹಾಕಿದ್ದಾರೆ. ‘ಅಷ್ಟರಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿಸಿತು.’ ಇನ್‌ಸ್ಪೆಕ್ಟರ್ ಬಾಗಿಲು ಒಡೆಯುತ್ತಾರೆ, ಕಳ್ಳರಿಗೆ ಕೋಳ ಬೀಳುತ್ತದೆ, ಆಗಸ್ಟ್ 15ಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಸನ್ಮಾನ. ಸನ್ಮಾನ ಯಾತಕ್ಕೆ? ಆ ಮಕ್ಕಳು ಮಾಡಿದ್ದೇನು?

ಹೀಗೆ ಕೇಳಿದರೆ ‘ಪುಟ್ಟ ಮಕ್ಕಳಲ್ವಾ ಸಾರ್, ಅವರು ತಾನೆ ಏನು ಮಾಡಿಯಾರು?’ ಅನ್ನುತ್ತಾರೆ. ಹೀಗೆ ಬರೆಯುವವರಲ್ಲಿ ಹೆಚ್ಚಿನವರು ಮೇಷ್ಟ್ರುಗಳು, ಟೀಚರಮ್ಮಂದಿರು. ಮಕ್ಕಳೆಂದರೆ ಅವರಿಗೆ ಪ್ರಾಣ. ತರಗತಿಯಲ್ಲಿ ಬಿದ್ದ ಮಗುವನ್ನು ಓಡಿಹೋಗಿ ಎತ್ತುವ ಕೈ ಕಥೆಯಲ್ಲೂ ಸುಮ್ಮನಿರುವುದಿಲ್ಲ. ಆದರೆ ಓದುವ ಮಗು ಹತ್ತು ಅಧ್ಯಾಯಗಳುದ್ದಕ್ಕೂ ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಲೆಕ್ಕ ಹಾಕುತ್ತಲೇ ಬಂದಿರುತ್ತದೆ. ಅದಕ್ಕೆ ಉತ್ತರ ಸಿಗಬೇಕಾದ ಜಾಗದಲ್ಲಿ ನೀವು ಜೀಪು ತಂದು ನಿಲ್ಲಿಸುತ್ತೀರಿ.

ಇಷ್ಟು ಹೇಳಿದ ಕೂಡಲೇ ಕೆಲವರು ಮುಂದಿನ ಕರಡಿನಲ್ಲಿ ನಾಯಕನನ್ನು ತಬ್ಬಲಿ ಮಾಡಿಬಿಡುತ್ತಾರೆ. ಅಯ್ಯೋ, ಅದು ಬೇಡ. ದೊಡ್ಡವರು ಕಥೆಯಲ್ಲಿ ಇರಲಿ, ಊಟಕ್ಕೆ ಕರೆಯಲಿ, ಬೈಯಲಿ. ಗಂಟು ಬಿಚ್ಚುವ ಆ ಅರ್ಧ ಗಂಟೆ ಮಾತ್ರ ಕೈಗೆ ಸಿಗದಷ್ಟು ದೂರ ಇದ್ದರೆ ಸಾಕು. ಆಮೇಲೆ ಬರುವುದಾದರೂ ಮಗು ಕರೆದದ್ದಕ್ಕೆ ಬರಬೇಕು. ತಾವಾಗಿಯೇ ಬಂದ ಇನ್‌ಸ್ಪೆಕ್ಟರ್ ಮಗುವಿನ ಕಥೆಯನ್ನು ಕಿತ್ತುಕೊಳ್ಳುತ್ತಾರೆ. ಮಗು ಹೋಗಿ ಎಬ್ಬಿಸಿ ಕರೆತಂದ ಇನ್‌ಸ್ಪೆಕ್ಟರ್ ಅದೇ ಕಥೆಯ ಪಾತ್ರವಾಗುತ್ತಾರೆ. ಎಲ್ಲರೂ ಎಡವುವುದು ಇಲ್ಲೇ ಆದ್ದರಿಂದ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಶರಾವತಿ ಹಿನ್ನೀರಿನ ಕಡೆಯ ಮೇಷ್ಟ್ರೊಬ್ಬರ ಕಾದಂಬರಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು, ಗದ್ದೆ, ರಸ್ತೆ ಮುಳುಗಿದ ಸೀಮೆ ಅದು. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನಡಿ ಹೋಯಿತು. ಬಿರುಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಈಗಲೂ ಮೇಲೆ ಕಾಣಿಸಿಕೊಳ್ಳುತ್ತದೆ. ಮಕ್ಕಳ ಕಥೆಗೆ ಇದಕ್ಕಿಂತ ಏನು ಬೇಕು? ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಮೇಷ್ಟ್ರು ಜಾಣತನದಿಂದ ಅದಕ್ಕೂ ಹಿಂದಿನ ಒಂದು ಬೇಸಿಗೆ ಆರಿಸಿದ್ದರು. ಆಗ ಹಿನ್ನೀರು ದಾಟಲು ಇದ್ದದ್ದು ಲಾಂಚ್, ಅಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೋಣಿ. ಸಂಜೆಯ ಕೊನೆ ಲಾಂಚ್ ಹೋಯಿತೆಂದರೆ ಆಚೆ ದಡದ ದೊಡ್ಡವರು ಬೆಳಗಿನವರೆಗೆ ಆಚೆಯೇ. ಅಪ್ಪ ಅಮ್ಮ ಪೇಟೆಗೆ ಹೋಗಿ ಅಲ್ಲೇ ಉಳಿದರು. ಇಷ್ಟೆಲ್ಲ ಕೂಡಿಬಂದ ಮೇಲೂ, ನೀರಿಳಿದ ಜಾಗದ ಹಾಳು ಗುಡಿ ಅಗೆಯುತ್ತಿದ್ದ ನಿಧಿಗಳ್ಳರು ಮಕ್ಕಳನ್ನು ಅಟ್ಟಿಸಿಕೊಂಡು ಬಂದಾಗ ಅರಣ್ಯ ಇಲಾಖೆಯ ಜೀಪು ಬಂತು!

‘ಉತ್ತರ ನಿಮ್ಮ ಎರಡನೇ ಅಧ್ಯಾಯದಲ್ಲೇ ಇದೆಯಲ್ಲ ಮೇಷ್ಟ್ರೇ’ ಅಂದೆ. ಅಲ್ಲಿ ಸುಮ ಎಂಬ ಹುಡುಗಿ ತಪ್ಪಿಸಿಕೊಂಡ ಹಸು ಗೌರಿಯನ್ನು ಹುಡುಕಿ ಹೋಗುತ್ತಾಳೆ. ನೀರಿಳಿದ ನೆಲ ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಅಡಿಯಲ್ಲಿ ಹೂಳು ಹಸಿ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ದನಗಳು ಮಾತ್ರ ದಿನವೂ ಒಂದೇ ಜಾಡಿನಲ್ಲಿ ನಡೆಯುತ್ತವೆ. ಬರೀ ವರ್ಣನೆಗೆಂದು ಬರೆದು ಮೇಷ್ಟ್ರು ಅದನ್ನು ಮರೆತೇಬಿಟ್ಟಿದ್ದರು.

ತಿದ್ದಿದ ಪ್ರತಿಯಲ್ಲಿ ಸುಮ ಕತ್ತಲಲ್ಲಿ ಬರಿಗಾಲಿನಿಂದ ಗೊರಸಿನ ಗುಳಿ ಹುಡುಕುತ್ತಾಳೆ. ಹಿಂದಿನಿಂದ ಬರುವ ತಮ್ಮನಿಗೆ ‘ಸೆಗಣಿ ಬಿದ್ದಲ್ಲೇ ಕಾಲಿಡು’ ಅನ್ನುತ್ತಾಳೆ. ಟಾರ್ಚ್ ಹಿಡಿದ ಕಳ್ಳರು ನೇರ ದಾರಿ ಹಿಡಿದು ಹೂಳಿನಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಅವಳೇ ಹೋಗಿ ಈಚೆ ದಡದಲ್ಲಿ ಮಲಗಿದ್ದ ಲಾಂಚಿನವರನ್ನು ಎಬ್ಬಿಸುತ್ತಾಳೆ. ದೊಡ್ಡವರು ಅವಳು ತೋರಿಸಿದ ಜಾಡಿನಲ್ಲೇ ನಡೆದುಬರುತ್ತಾರೆ. ಐದನೇ ತರಗತಿಯ ಮಕ್ಕಳಿಗೆ ಇದನ್ನು ಓದಿ ಹೇಳುತ್ತಿದ್ದಾಗ, ಸುಮ ನೆಲ ತಡಕುವ ಸಾಲಿಗೆ ಬರುತ್ತಿದ್ದಂತೆಯೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ‘ಗೌರಿ ಹೋದ ದಾರಿ!’ ಎಂದು ಕೂಗಿದಳು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಇಂಥ ಉತ್ತರಗಳು ಜಾಗದಿಂದ ಹುಟ್ಟುತ್ತವೆ. ಅದಕ್ಕೇ ಮೊದಲು ನಕ್ಷೆ ಬರೆಯಿರಿ ಅನ್ನುತ್ತೇನೆ. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಮಲಮಗನ ಜೊತೆ ಬಣ್ಣ ಹಚ್ಚುತ್ತಾ ಒಂದು ದ್ವೀಪದ ನಕ್ಷೆ ಬರೆದ. ನಿಧಿ ಹುಡುಕುವ ಅವನ ಪ್ರಸಿದ್ಧ ಕಾದಂಬರಿ ‘ಟ್ರೆಷರ್ ಐಲ್ಯಾಂಡ್’ ಬೆಳೆದದ್ದು ಅದರಿಂದ. ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ಕಳೆದುಹೋಗಿ, ಪುಸ್ತಕದಲ್ಲಿ ಬರುವ ವಿವರಗಳನ್ನೆಲ್ಲ ಹೆಕ್ಕಿ ಹೊಸದು ಬರೆಯಬೇಕಾಯಿತು. ಆ ಕೆಲಸ ಎಷ್ಟು ಬೇಸರದ್ದೆಂದು ಅವನೇ ಬರೆದುಕೊಂಡಿದ್ದಾನೆ. ನಿಮ್ಮ ನಕ್ಷೆಯಲ್ಲಿ ಬಾವಿ, ಬೇಲಿ, ನಾಯಿ ಇರುವ ಮನೆ, ಮೊಬೈಲ್ ಸಿಗ್ನಲ್ ಸಿಗುವ ದಿಬ್ಬ ಎಲ್ಲ ಇರಲಿ. ಸಿಗ್ನಲ್ ಎಲ್ಲೂ ಇಲ್ಲ ಅಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ದಿಬ್ಬದ ಮೇಲೆ ಮಾತ್ರ ಸಿಗುತ್ತದೆ ಅಂದರೆ ಅಲ್ಲಿಗೆ ಓಡುವುದೇ ಒಂದು ಅಧ್ಯಾಯ.

ಮಕ್ಕಳು ಓದಿದ್ದನ್ನು ಮಾಡಲು ಹೊರಟರೆ ಎಂಬ ಪೋಷಕರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ಸುಮ ನೀರಿಗೆ ಧುಮುಕುವುದಿಲ್ಲ, ಕಳ್ಳರ ಮೇಲೆ ಕೈ ಮಾಡುವುದಿಲ್ಲ. ತೀರಾ ಚಿಕ್ಕವರಿಗೆ ಬರೆಯುವಾಗ ಅಪಾಯವನ್ನು ಇನ್ನಷ್ಟು ಇಳಿಸಬೇಕಾಗಬಹುದು. ಎಷ್ಟು ಎಂಬುದನ್ನು ಆ ವಯಸ್ಸಿನ ಮಕ್ಕಳ ಎದುರು ಓದಿ ನೋಡಿಯೇ ತಿಳಿಯಬೇಕು.

ಹಸ್ತಪ್ರತಿ ಕಳಿಸುವ ಮುನ್ನ ಕೊನೆಯ ಎರಡು ಅಧ್ಯಾಯ ತೆಗೆದು, ನಡೆದ ಒಂದೊಂದು ಕೆಲಸದ ಪಕ್ಕದಲ್ಲೂ ಅದನ್ನು ಮಾಡಿದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ನೋಡಿದವರು, ಹೆದರಿದವರು, ಅತ್ತವರು ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಮಾಮಂದಿರ ಹೆಸರೇ ಹೆಚ್ಚಿದ್ದರೆ ಎರಡನೇ ಅಧ್ಯಾಯಕ್ಕೆ ಹೋಗಿ ಹುಡುಕಿ.