ಫ್ರಾಂಕ್‌ಫರ್ಟ್‌ನ ರೋಮರ್‌ಬೆರ್ಗ್ ಚೌಕದ ಮನೆಗಳು ನಿಜಕ್ಕೂ ಹಳೆಯವಾ?

ಪ್ರಶ್ನೆ: ಜರ್ಮನಿಗೆ ಹೋದವರೆಲ್ಲ ಫ್ರಾಂಕ್‌ಫರ್ಟ್‌ನ ರೋಮರ್‌ಬೆರ್ಗ್ ಚೌಕದಲ್ಲಿ ಆ ಮರದ ಪಟ್ಟಿಗಳ ಮನೆಗಳ ಮುಂದೆ ನಿಂತು ಫೋಟೋ ಹಾಕ್ತಾರೆ, ಕೆಳಗೆ 'ಮಧ್ಯಯುಗದ ಮನೆಗಳು' ಅಂತ ಬರೀತಾರೆ. ಇನ್ನು ಕೆಲವರು 'ಅದೆಲ್ಲ ನಕಲಿ, ಸಿನಿಮಾ ಸೆಟ್ ಥರ' ಅಂತಾರೆ. ಯಾವುದು ನಿಜ?

ಉತ್ತರ: ಬೆಂಗಳೂರಿನಿಂದ ನೇರ ವಿಮಾನ ಇರುವ ಊರು ಅದು, ಹಾಗಾಗಿ ನಮ್ಮವರ ಫೋಟೋಗಳೂ ಜಾಸ್ತಿ, ಈ ಪ್ರಶ್ನೆಯೂ ಜಾಸ್ತಿ. ಫೋಟೋದಲ್ಲಿ ಸಾಲಾಗಿ ಕಾಣುವ ಆ ಆರು ಮನೆಗಳು 1980ರ ದಶಕದವು. 1981ರಲ್ಲಿ ಕೆಲಸ ಶುರುವಾಗಿ 1984ರ ಹೊತ್ತಿಗೆ ಎದ್ದು ನಿಂತವು. ಹಾಗಂತ ಇಡೀ ಚೌಕವನ್ನೇ ಸೆಟ್ ಅಂದುಬಿಟ್ಟರೆ ತಪ್ಪಾಗುತ್ತದೆ. ಆ ಮನೆಗಳಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಕ್ಕೆ ಇರುವ ಹಳೇ ನಿಕೊಲಾಯ್ ಚರ್ಚ್ ನಿಜಕ್ಕೂ ಮಧ್ಯಯುಗದ್ದು. ಬೆನ್ನ ಹಿಂದೆ ಇರುವ ರೋಮರ್ ಕಟ್ಟಡ 1405ರಿಂದ ಇವತ್ತಿನವರೆಗೂ ಈ ಊರಿನ ಪುರಭವನ. ಅಂದರೆ ಇಲ್ಲಿ ವಯಸ್ಸು ಕೇಳುವುದಾದರೆ ಒಂದೊಂದು ಕಟ್ಟಡವನ್ನೂ ಬೇರೆ ಬೇರೆ ಕೇಳಬೇಕು.

ಮೊದಲು ರೋಮರ್. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಮೂರು ಮೊನೆಗಳ ಮುಂಭಾಗ ಇದೆಯಲ್ಲ, ಅದೇ. ಹಳೆಯ ಪುರಭವನದ ಜಾಗ ದೊಡ್ಡ ಚರ್ಚಿನ ಗೋಪುರಕ್ಕೆ ಬೇಕಾಗಿತ್ತು. ಅದಕ್ಕೆ ಊರಿನ ಸಭೆ 1405ರ ಮಾರ್ಚ್ 11ರಂದು ಇಲ್ಲಿ ಎರಡು ಮನೆ ಕೊಂಡಿತು. ಒಂದರ ಹೆಸರು ರೋಮರ್, ಅದರ ಹಿಂದಿನದು 'ಬಂಗಾರದ ಹಂಸ'. ಆ ಕಾಲದಲ್ಲಿ ಮನೆಗಳಿಗೆ ನಂಬರ್ ಇರಲಿಲ್ಲ, ಹೆಸರೇ ವಿಳಾಸ. ಆಮೇಲೆ ಜಾಗ ಸಾಲದೆ ಅಕ್ಕಪಕ್ಕದ ಮನೆಗಳನ್ನು ಒಂದೊಂದಾಗಿ ಕೊಳ್ಳುತ್ತಾ, ಮಧ್ಯದ ಗೋಡೆ ಒಡೆದು ಸೇರಿಸಿಕೊಳ್ಳುತ್ತಾ ಹೋದರು. ಕೆಳಗಿನ ಕಮಾನುಗಳ ಹಜಾರವನ್ನು ಜಾತ್ರೆಯ ದಿನಗಳಲ್ಲಿ ಅಕ್ಕಸಾಲಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಜಾತ್ರೆ ಅಂದರೆ ಸುಮ್ನೆ ಸಂತೆಯಲ್ಲ. ಈ ಊರಿನ ಜಾತ್ರೆಗೆ ಬರುವ ವ್ಯಾಪಾರಿಗಳಿಗೆ ದಾರಿಯಲ್ಲಿ ಯಾರೂ ತೊಂದರೆ ಕೊಡಬಾರದು ಎಂದು ಚಕ್ರವರ್ತಿ ಎರಡನೇ ಫ್ರೀಡ್ರಿಖ್ 1240ರಲ್ಲೇ ಅಭಯ ಬರೆದುಕೊಟ್ಟಿದ್ದ.

ಮುಂಭಾಗದ ಬಾಲ್ಕನಿ, ಕೆತ್ತನೆ ಎಲ್ಲ 19ನೇ ಶತಮಾನದ ಕೊನೆಯಲ್ಲಿ ಮಾಡಿದ ಅಲಂಕಾರ. ಅಲ್ಲಿ ನಾಲ್ಕು ಚಕ್ರವರ್ತಿಗಳ ವಿಗ್ರಹಗಳಿವೆ. ಬಾರ್ಬರೋಸಾ, ಬವೇರಿಯಾದ ಲೂಡ್‌ವಿಗ್, ನಾಲ್ಕನೇ ಕಾರ್ಲ್, ಎರಡನೇ ಮಾಕ್ಸಿಮಿಲಿಯನ್. ಈ ನಾಲ್ವರೇ ಯಾಕೆ ಅಂದರೆ ಊರಿಗೆ ಇವರ ಋಣ ಇದೆ. ಬಾರ್ಬರೋಸಾನನ್ನು 1152ರಲ್ಲಿ ರಾಜನನ್ನಾಗಿ ಆರಿಸಿದ್ದು ಫ್ರಾಂಕ್‌ಫರ್ಟ್‌ನಲ್ಲಿ. ಲೂಡ್‌ವಿಗ್ 1330ರಲ್ಲಿ ವಸಂತದ ಎರಡನೇ ಜಾತ್ರೆಗೆ ಅನುಮತಿ ಕೊಟ್ಟ. ಇನ್ನು ಮುಂದೆ ರಾಜರ ಆಯ್ಕೆ ಇದೇ ಊರಲ್ಲಿ ಆಗಬೇಕು ಎಂದು 1356ರಲ್ಲಿ ಕಾನೂನು ಮಾಡಿದವನು ಕಾರ್ಲ್. 1562ರಲ್ಲಿ ಮೊದಲ ಸಲ ಪಟ್ಟಾಭಿಷೇಕವೂ ಇಲ್ಲೇ ಆಯಿತು, ಅದು ಮಾಕ್ಸಿಮಿಲಿಯನ್‌ನದು. ಹೋದಾಗ ಸ್ವಲ್ಪ ಕತ್ತೆತ್ತಿ ನೋಡಿ, ಊರಿನ ನಾನೂರು ವರ್ಷದ ಕಥೆ ಆ ಗೋಡೆಯ ಮೇಲೆಯೇ ಇದೆ.

ಪಟ್ಟಾಭಿಷೇಕದ ದಿನ ಈ ಚೌಕ ಹೇಗಿರುತ್ತಿತ್ತು ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ರೋಮಾಂಚನ ಆಗುತ್ತದೆ. ಆಗಲೇ ಹೇಳಿದ ದೊಡ್ಡ ಚರ್ಚಿನಲ್ಲಿ ಕಿರೀಟ ಇಟ್ಟ ಮೇಲೆ ಹೊಸ ಚಕ್ರವರ್ತಿ ಬಟ್ಟೆ ಹಾಸಿದ ಹಲಗೆಗಳ ಮೇಲೆ ನಡೆದು ರೋಮರ್‌ಗೆ ಊಟಕ್ಕೆ ಬರುತ್ತಿದ್ದ. ಹೊರಗೆ ಚೌಕದಲ್ಲಿ ಇಡೀ ಎತ್ತನ್ನು ಸುಡುತ್ತಿದ್ದರು, ಓಟ್ಸ್ ಧಾನ್ಯದ ದೊಡ್ಡ ರಾಶಿ ಹಾಕಿರುತ್ತಿದ್ದರು. ಒಬ್ಬ ದೊಡ್ಡ ಅಧಿಕಾರಿ ಕುದುರೆ ಮೇಲೆ ಬಂದು ಆ ರಾಶಿಯೊಳಗೇ ನುಗ್ಗಿ, ಬೆಳ್ಳಿಯ ಅಳತೆಯಲ್ಲಿ ಧಾನ್ಯ ತುಂಬಿಕೊಂಡು ಹೋಗುತ್ತಿದ್ದ, ಅದು ಸಂಪ್ರದಾಯ. ಅವನು ಅತ್ತ ಹೋದದ್ದೇ ತಡ, ಉಳಿದದ್ದೆಲ್ಲ ಜನರ ಪಾಲು. ಮಧ್ಯದ ಕಾರಂಜಿಯಲ್ಲಿ 1612ರಲ್ಲಿ ಮಥಿಯಾಸ್‌ನ ಪಟ್ಟಾಭಿಷೇಕದ ದಿನ ನೀರಿನ ಬದಲು ವೈನ್ ಹರಿಯಿತು! 1764ರ ಪಟ್ಟಾಭಿಷೇಕವನ್ನು ಇದೇ ಊರಿನ 14 ವರ್ಷದ ಹುಡುಗನೊಬ್ಬ ಕಣ್ಣಾರೆ ಕಂಡ, ದೊಡ್ಡವನಾದ ಮೇಲೆ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದ. ಅವನೇ ಜರ್ಮನಿಯ ಮಹಾಕವಿ ಗ್ಯೋತೆ. ಕೊನೆಯ ಪಟ್ಟಾಭಿಷೇಕ ನಡೆದದ್ದು 1792ರಲ್ಲಿ.

ಆ ಕಾರಂಜಿಯ ಮೇಲೆ ನಿಂತಿರುವ ನ್ಯಾಯದೇವತೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ. ಆದರೆ ಕಣ್ಣಿಗೆ ಬಟ್ಟೆ ಕಟ್ಟಿಲ್ಲ. ತೆರೆದ ಕಣ್ಣಿಂದ ಪುರಭವನದ ಕಡೆಗೇ ನೋಡುತ್ತಾಳೆ. ಮೊದಲು ಕಲ್ಲಿನ ವಿಗ್ರಹ ಇತ್ತು, ಈಗಿರುವ ಕಂಚಿನದು 1887ರದು.

ಇನ್ನು ಆ ಆರು ಮನೆಗಳ ವಿಷಯ. ಎರಡನೇ ಮಹಾಯುದ್ಧದವರೆಗೆ ಈ ಊರಿನ ಹಳೇ ಪೇಟೆಯಲ್ಲಿ ಸಾವಿರಕ್ಕೂ ಹೆಚ್ಚು ಮರದ ಚೌಕಟ್ಟಿನ ಮನೆಗಳಿದ್ದವು. ಓಣಿಗಳು ಎಷ್ಟು ಕಿರಿದು ಅಂದರೆ ಎದುರುಬದುರು ಮನೆಗಳ ಮೇಲಂತಸ್ತುಗಳು ಒಂದಕ್ಕೊಂದು ತಾಗುವಷ್ಟು ಮುಂದೆ ಬಾಗಿರುತ್ತಿದ್ದವು. 1944ರ ಮಾರ್ಚ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದಾಗ ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟೂ ಹೊತ್ತಿಕೊಂಡಿತು. ಸಾವಿರದಷ್ಟು ಜನ ಸತ್ತರು. ಅದಕ್ಕೆ ಮುಂಚೆಯೇ ನೆಲಮಾಳಿಗೆಗಳ ನಡುವಿನ ಗೋಡೆ ಒಡೆದು ಮನೆಯಿಂದ ಮನೆಗೆ ದಾರಿ ಮಾಡಿಟ್ಟಿದ್ದರು. ಮೇಲೆ ಬೀದಿಗೆ ಬೀದಿಯೇ ಉರಿಯುತ್ತಿರುವಾಗ ನೂರಾರು ಜನ ನೆಲದಡಿಯಲ್ಲೇ ಕತ್ತಲಲ್ಲಿ ನಡೆದು ಬಂದು ಹೊರಬಿದ್ದದ್ದು ಇದೇ ಕಾರಂಜಿಯ ಹತ್ತಿರ. ಅದನ್ನು ಓದಿದ ಮೇಲೆ ನಾನು ಆ ಕಾರಂಜಿಯನ್ನು ಬೇರೆ ಥರವೇ ನೋಡುತ್ತೇನೆ.

ಯುದ್ಧ ಮುಗಿದ ಮೇಲೆ ರೋಮರ್ ಅನ್ನು ಹೇಗೋ ಸರಿ ಮಾಡಿದರು. ಆದರೆ ಎದುರಿನ ಪೂರ್ವದ ಸಾಲು ದಶಕಗಳ ಕಾಲ ಖಾಲಿಯೇ ಇತ್ತು. 1970ರ ದಶಕದಲ್ಲಿ ನೆಲದಡಿ ರೈಲು ನಿಲ್ದಾಣ, ಕಾರ್ ಪಾರ್ಕಿಂಗ್ ಬಂತು, ಪಕ್ಕದಲ್ಲಿ ನಗರಾಡಳಿತದ ದೊಡ್ಡ ಕಾಂಕ್ರೀಟ್ ಕಚೇರಿ ಎದ್ದಿತು. ಊರಿನ ನಡುಮನೆಯಂತಿದ್ದ ಜಾಗ ಹೀಗಾಯಿತಲ್ಲ ಎಂದು ಜನರಿಗೆ ಬೇಸರ. ಆ ಮನೆಗಳನ್ನು ಮತ್ತೆ ಕಟ್ಟೋಣ ಎಂಬ ಮಾತು ಬಂದಾಗ ಬಹಳಷ್ಟು ವಾಸ್ತುಶಿಲ್ಪಿಗಳು ಒಪ್ಪಲಿಲ್ಲ. ಹೋದದ್ದು ಹೋಯಿತು, ಹೋಗಿಲ್ಲ ಅಂತ ನಟಿಸಬೇಡಿ ಅನ್ನುವುದು ಅವರ ವಾದ. ಕೊನೆಗೆ ಊರಿನ ಆಸೆ ಗೆದ್ದಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಯುದ್ಧಕ್ಕೆ ಮುಂಚಿನ ಫೋಟೋಗಳಲ್ಲಿ ಈ ಸಾಲಿನ ಹೆಚ್ಚಿನ ಮನೆಗಳ ಮರ ಕಾಣುವುದೇ ಇಲ್ಲ, ಮೇಲೆ ಗಾರೆ ಬಳಿದು, ಕಪ್ಪು ಸ್ಲೇಟ್ ಕಲ್ಲಿನ ಬಿಲ್ಲೆ ಹೊದಿಸಿದ್ದರು. ಈಗ ನಾವು ನೋಡಿ ಮರುಳಾಗುವ ಆ ಕಂದು ಪಟ್ಟಿಗಳು 1940ರ ಊರಿನವರಿಗೇ ಹೊಸದಾಗಿ ಕಾಣುತ್ತಿದ್ದವು! ಹಾಗಾಗಿ ಇದನ್ನು ತದ್ರೂಪು ಅನ್ನುವುದಕ್ಕೂ ಆಗುವುದಿಲ್ಲ. ಆದರೆ ಮರ ಮಾತ್ರ ಅಸಲಿ, ಬಡಗಿಗಳು ಕೊಯ್ದು ಕೂಡಿಸಿದ್ದು. ಸಾಲಿನ ಮನೆಗಳ ಹೆಸರು, ಅಗಲ, ಜಾಗ ಎಲ್ಲ ಹಳೆಯವೇ: 'ದೊಡ್ಡ ದೇವದೂತ', 'ಕಾಡು ಮನುಷ್ಯ' ಹೀಗೆ. ನನ್ನ ಮಟ್ಟಿಗೆ ನಕಲಿ ಅನ್ನುವ ಪದ ಇಲ್ಲಿ ಒಪ್ಪುವುದಿಲ್ಲ. ಸುಟ್ಟ ಮನೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡವರನ್ನು ನಾವು ನಕಲಿ ಮನೆಯವರು ಅನ್ನುತ್ತೇವಾ? ಇಲ್ಲ ಅಲ್ವಾ? ವಯಸ್ಸು ಸುಳ್ಳು ಹೇಳದಿದ್ದರೆ ಸಾಕು.

ಇದರ ಹಿಂದಿನ ಕಾಂಕ್ರೀಟ್ ಕಚೇರಿಯನ್ನೂ ಆಮೇಲೆ ಕೆಡವಿ, ಆ ಜಾಗದಲ್ಲಿ 35 ಮನೆಗಳ 'ಹೊಸ ಹಳೇ ಪೇಟೆ' ಕಟ್ಟಿದರು. ಅದರಲ್ಲಿ 15 ಹಳೆಯ ಮನೆಗಳ ಮರುನಿರ್ಮಾಣ, ಉಳಿದವು ಹೊಸ ವಿನ್ಯಾಸದವು. 2018ರಲ್ಲಿ ತೆರೆಯಿತು. ಬಣ್ಣ ಇನ್ನೂ ಹೊಸದು, ಗೊತ್ತಾಗಿಬಿಡುತ್ತದೆ.

ಫೋಟೋ ತೆಗೆಯುವವರು ದಾಟಿಕೊಂಡು ಹೋಗುವ ಒಂದು ಗುರುತು ನೆಲದಲ್ಲೇ ಇದೆ. ಕಲ್ಲುಗಳ ನಡುವೆ ಹುದುಗಿಸಿದ ದುಂಡನೆಯ ಕಂಚಿನ ಫಲಕ. 1933ರ ಮೇ 10ರಂದು ನಾಜಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದಿಂದ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಬಂದು ಇಲ್ಲಿ ಬೆಂಕಿ ಹಾಕಿದರು. 15ನೇ ಶತಮಾನದಿಂದಲೇ ಅಚ್ಚಾದ ಪುಸ್ತಕಗಳು ಮಾರಾಟಕ್ಕೆ ಬರುತ್ತಿದ್ದ ಊರು ಇದು. ದಯವಿಟ್ಟು ಅಲ್ಲಿ ಒಂದು ನಿಮಿಷ ನಿಲ್ಲಿ.

ಮರದ ಚೌಕಟ್ಟಿನ ನಿಜವಾದ ಹಳೇ ಮನೆಯನ್ನೇ ನೋಡಬೇಕು ಅಂದರೆ ನಿಕೊಲಾಯ್ ಚರ್ಚನ್ನು ದಾಟಿ ಮೈನ್ ನದಿಯ ಕಡೆ ಇಳಿಯಿರಿ, ಎರಡು ನಿಮಿಷದ ದಾರಿ. ಹೌಸ್ ವೆರ್ಟ್‌ಹೈಮ್ ಎಂದು ಹೆಸರು, ಸುಮಾರು 1600ರದು. 1944ರ ಆ ರಾತ್ರಿ ಹಳೇ ಪೇಟೆಯಿಂದ ನದಿಗೆ ಓಡಿ ತಪ್ಪಿಸಿಕೊಳ್ಳುವ ದಾರಿ ಈ ಮನೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಇದು ಹೊತ್ತಿಕೊಂಡರೆ ಜನರ ದಾರಿ ಮುಚ್ಚಿಹೋಗುತ್ತದೆ ಎಂದು ಅಗ್ನಿಶಾಮಕದವರು ಇದರ ಮೇಲೆ ನೀರಿನ ಪರದೆಯನ್ನೇ ಹಿಡಿದು ನಿಂತರು. ಹಳೇ ಪೇಟೆಯ ಮರದ ಮನೆಗಳಲ್ಲಿ ಸುಡದೆ ಪೂರ್ತಿ ಉಳಿದದ್ದು ಇದೊಂದೇ. ಹೋದಾಗ ಒಂದು ಫೋಟೋ ಅಲ್ಲೂ ತೆಗೆಸಿಕೊಳ್ಳಿ.