ಗುಂಡು ಎರಡು ಕಡೆ ಇದ್ದರೆ ಗುರುತ್ವ ಎತ್ತ ಎಳೆಯುತ್ತದೆ?

ಗುರುತ್ವವನ್ನೂ ಪರಮಾಣು ಲೋಕದ ಕ್ವಾಂಟಮ್ ನಿಯಮಗಳನ್ನೂ ಒಂದುಗೂಡಿಸಲು ಹೊರಟ ಕ್ವಾಂಟಮ್ ಗುರುತ್ವದ ಬಗ್ಗೆ ಯಾವ ಬರಹ ತೆಗೆದರೂ ಮೊದಲು ಸಿಗುವುದು ಕಂಪಿಸುವ ತಂತಿಗಳು, ಹತ್ತು ಆಯಾಮಗಳು, ನೊರೆಯಂಥ ದೇಶಕಾಲ. ಓದುವಾಗ ಮೈ ನವಿರೇಳುತ್ತದೆ, ಮುಗಿದ ಮೇಲೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಇವೆಲ್ಲ ಉತ್ತರ ಹುಡುಕುವ ಪ್ರಯತ್ನಗಳು. ಪ್ರಶ್ನೆ ಏನು ಅಂತಲೇ ಹೇಳದಿದ್ದರೆ ಓದುವವರಿಗೆ ಹೇಗೆ ತಿಳಿಯಬೇಕು, ಅಲ್ವಾ? ಆ ಪ್ರಶ್ನೆಗೆ ಗಣಿತ ಜಾಸ್ತಿ ಬೇಕಾಗಿಯೂ ಇಲ್ಲ.

1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ದೇಶಕಾಲದ, ಅಂದರೆ ಜಾಗ ಮತ್ತು ಕಾಲ ಸೇರಿದ ಹಂದರದ, ಬಾಗುವಿಕೆ ಎಂದು ವಿವರಿಸಿದರು. ಕ್ವಾಂಟಮ್ ಸಿದ್ಧಾಂತ ಬಂದು ಇದನ್ನೂ ತಿದ್ದಬೇಕಾದೀತು ಎಂದು 1916ರಲ್ಲಿ ಅವರೇ ಬರೆದರು. ತೊಡಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದವರು ಸೋವಿಯತ್ ಭೌತವಿಜ್ಞಾನಿ ಮಾತ್ವೇಯ್ ಬ್ರಾನ್‌ಸ್ಟೈನ್, 1936ರಲ್ಲಿ.

ಅವರ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು ಜಾಗದಲ್ಲಿ ಗುರುತ್ವ ಎಷ್ಟಿದೆ ಎಂದು ಅಳೆಯಬೇಕು. ಅಲ್ಲೊಂದು ಗುಂಡು ಇಟ್ಟು ಅದು ಹೇಗೆ ಚಲಿಸುತ್ತದೆ ಎಂದು ನೋಡುತ್ತೀರಿ. ಗುಂಡು ಹಗುರವಾಗಿದ್ದರೆ ನೀವು ನೋಡಿದ್ದಕ್ಕೇ ಅದು ಅಲುಗಿಬಿಡುತ್ತದೆ. ಇದು ಕ್ವಾಂಟಮ್ ನಿಯಮ. ಹಾಗಾಗಿ ಭಾರದ ಗುಂಡೇ ಬೇಕು. ಅಳೆಯುವ ಜಾಗ ಕಿರಿದಾದಷ್ಟೂ ಗುಂಡು ಚಿಕ್ಕದಾಗಬೇಕು, ಭಾರ ಇನ್ನೂ ಹೆಚ್ಚಬೇಕು. ಹೀಗೇ ಹೋದರೆ ಅಷ್ಟು ಭಾರ ಅಷ್ಟು ಚಿಕ್ಕ ಜಾಗದಲ್ಲಿ ತುಂಬಿ, ಬೆಳಕೂ ಹೊರಬರದ ಹಾಗೆ ಆಗುತ್ತದೆ. ಅಲ್ಲಿಗೆ ಅಳತೆ ನಿಂತಿತು. ಸುಮಾರು 10⁻³⁵ ಮೀಟರ್‌ಗಿಂತ ಕೆಳಗೆ ‘ಇಲ್ಲಿ’, ‘ಅಲ್ಲಿ’ ಎನ್ನುವ ಮಾತಿಗೇ ಅರ್ಥ ಉಳಿಯುವುದಿಲ್ಲ. ಪ್ರೋಟಾನ್ ಇದಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂದರೆ 1ರ ಮುಂದೆ 20 ಸೊನ್ನೆ ಹಾಕಬೇಕು.

ಎರಡು ವರ್ಷ ಕಳೆಯುವಷ್ಟರಲ್ಲಿ, 1938ರಲ್ಲಿ, ಸ್ಟಾಲಿನ್ ಆಡಳಿತ ಬ್ರಾನ್‌ಸ್ಟೈನ್ ಅವರನ್ನು ಗುಂಡಿಟ್ಟು ಕೊಂದಿತು. ಅವರಿಗಿನ್ನೂ 31 ವರ್ಷ. ಇದನ್ನು ಓದಿದಾಗೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1957ರಲ್ಲಿ ಅಮೆರಿಕದ ಚಾಪೆಲ್ ಹಿಲ್ ಸಮ್ಮೇಳನದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದೇ ಪ್ರಶ್ನೆಯನ್ನು ಇನ್ನೊಂದು ಮಗ್ಗುಲಿನಿಂದ ಎತ್ತಿದರು. ಕ್ವಾಂಟಮ್ ಲೋಕದಲ್ಲಿ ಒಂದು ವಸ್ತು ಏಕಕಾಲಕ್ಕೆ ಎರಡು ಕಡೆ ಇರುವ ಸ್ಥಿತಿ ಸಾಧ್ಯ. ಗುರುತ್ವ ತೋರಿಸುವಷ್ಟು ಭಾರದ ಗುಂಡನ್ನೇ ಆ ಸ್ಥಿತಿಗೆ ತಂದರೆ? ಅದರ ಎಳೆತವೂ ಎರಡು ಕಡೆಯಿಂದ ಇರುತ್ತದೆಯೇ? ನನ್ನ ಕೇಳಿದರೆ, ಸಾಮಾನ್ಯ ಓದುಗರಿಗೆ ಈ ವಿಷಯದ ಬಾಗಿಲು ಇದೇ.

ಆಮೇಲೆ ತಂತಿ ಸಿದ್ಧಾಂತ ಬಂತು, 1980ರ ದಶಕದಲ್ಲಿ, ಜಾಗವೇ ಚಿಕ್ಕ ಕುಣಿಕೆಗಳಿಂದ ಹೆಣೆದದ್ದು ಎನ್ನುವ ಲೂಪ್ ಗುರುತ್ವವೂ ಬಂತು. ಗಣಿತ ಬೆಳೆಯಿತು, ಪ್ರಯೋಗ ಮಾತ್ರ ಕೈಗೆಟುಕಲಿಲ್ಲ.

2017ರಲ್ಲಿ ಎರಡು ತಂಡಗಳು ಫೈನ್‌ಮನ್ ಅವರ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತರುವ ದಾರಿ ಸೂಚಿಸಿದವು. ಒಂದು ತಂಡದ ಯೋಜನೆ ಹೀಗಿದೆ: ಕಣ್ಣಿಗೆ ಕಾಣದಷ್ಟು ಚಿಕ್ಕ ಎರಡು ವಜ್ರದ ಹರಳುಗಳು ಅಕ್ಕಪಕ್ಕ ಬೀಳುತ್ತವೆ. ಒಂದೊಂದೂ ಎರಡೆರಡು ಕಡೆ ಇರುವ ಸ್ಥಿತಿಯಲ್ಲಿದೆ. ನಡುವೆ ಗುರುತ್ವ ಬಿಟ್ಟು ಬೇರಾವ ಬಲವೂ ಕೆಲಸ ಮಾಡದ ಹಾಗೆ ನೋಡಿಕೊಳ್ಳಬೇಕು. ಇಷ್ಟಾದ ಮೇಲೂ ಒಂದರ ಸ್ಥಿತಿ ಇನ್ನೊಂದರ ಸ್ಥಿತಿಯೊಂದಿಗೆ ಕ್ವಾಂಟಮ್ ರೀತಿಯಲ್ಲಿ ಹೆಣೆದುಕೊಂಡರೆ, ಆ ಗಂಟು ಹಾಕಿದ್ದು ಗುರುತ್ವವೇ. ಅಂದರೆ ಗುರುತ್ವವೂ ಕ್ವಾಂಟಮ್ ನಿಯಮಕ್ಕೆ ಒಳಪಟ್ಟಿದೆ ಎಂಬುದು ಅವರ ವಾದ.