ಅಲ್ಯೂಮಿನಿಯಂ ದೋಣಿಗೆ ಬಳಿದ ಬಣ್ಣ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಶಿರಿಯ ಹೊಳೆಯಲ್ಲಿ ಮೀನು ಹಿಡಿಯಲೆಂದು ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದೇವೆ. ಒಳ್ಳೆಯ ಎನಾಮಲ್ ಬಣ್ಣವನ್ನೇ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಾಳೆಹಾಳೆಯಾಗಿ ಎದ್ದುಬಂತು. ಏನು ಮಾಡಿದರೆ ಬಣ್ಣ ನಿಲ್ಲುತ್ತದೆ?
– ಕುಂಬಳೆಯ ಓದುಗರೊಬ್ಬರು

ಉತ್ತರ: ಇದು ಬಣ್ಣದ ದೋಷವಲ್ಲ. ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟೂ ದಪ್ಪವಿರದ ಈ ಪೊರೆಯೇ ಲೋಹವನ್ನು ಕಾಯುತ್ತದೆ. ಆದರೆ ಎನಾಮಲ್ ಕಚ್ಚಿ ಹಿಡಿಯಲು ಬೇಕಾದ ಆಸರೆ ಅದರ ಮೇಲೆ ಸಿಗುವುದಿಲ್ಲ. ಉಪ್ಪುನೀರು ಕಂಡ ಹಳೆಯ ದೋಣಿಯಲ್ಲಾದರೆ ಇದರ ಜೊತೆಗೆ ಮೀನಿನ ಜಿಡ್ಡು, ಉಪ್ಪು ಮತ್ತು ಸವೆತದಿಂದ ಎದ್ದ ಬಿಳಿ ಪುಡಿ ಸೇರಿಕೊಂಡಿರುತ್ತವೆ. ನೀವು ಬಳಿದ ಬಣ್ಣ ಅಂಟಿದ್ದು ಆ ಪುಡಿಗೆ, ಲೋಹಕ್ಕಲ್ಲ.

ದೋಣಿಗೆಂದೇ ತಯಾರಾಗುವ 5052 ಅಥವಾ 5083 ದರ್ಜೆಯ ತಗಡು ಬಣ್ಣವಿಲ್ಲದೆಯೂ ಉಪ್ಪುನೀರನ್ನು ತಡೆದುಕೊಳ್ಳುತ್ತದೆ. ಸರಿಯಾಗಿ ಅಂಟದ ಬಣ್ಣ ಮಾತ್ರ ತನ್ನ ಅಡಿಯಲ್ಲಿ ಉಪ್ಪಿನ ತೇವವನ್ನು ಹಿಡಿದಿಟ್ಟು, ಲೋಹದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುವಂತೆ ಮಾಡುತ್ತದೆ. ಆದ್ದರಿಂದ ಹೊರಮೈಗೆ ಮಾತ್ರ ಬಣ್ಣ ಬಳಿದು, ಒಳಭಾಗವನ್ನು ಶುಚಿಗೊಳಿಸಿ ಹಾಗೆಯೇ ಬಿಡುವುದು ಮೇಲೆಂದು ನನ್ನ ಅಭಿಪ್ರಾಯ.

ಬಣ್ಣದ ಡಬ್ಬಿ ತೆರೆಯುವ ಮೊದಲು ಸೋರಿಕೆಯನ್ನು ನೋಡಿಕೊಳ್ಳಬೇಕು. ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಚೆನ್ನಾಗಿ ಆಧಾರ ಕೊಟ್ಟು ಕೂರಿಸಿ, ಒಳಗೆ ಕೆಳಗಿನ ರಿವೆಟ್ ಸಾಲು ಮುಳುಗುವಷ್ಟು ಮಾತ್ರ ನೀರು ತುಂಬಿ, ಹೊರಗೆ ಎಲ್ಲೆಲ್ಲಿ ತೇವ ಕಾಣಿಸುತ್ತದೆಯೋ ಅಲ್ಲಲ್ಲಿ ಗುರುತು ಹಾಕಿರಿ. ಹೆಚ್ಚು ನೀರು ತುಂಬಿದರೆ ಅದರ ಭಾರಕ್ಕೆ ತಳ ಬಾಗಬಹುದು. ಸಡಿಲವಾದ ರಿವೆಟ್ಟಿನ ಒಂದು ಬದಿಗೆ ಭಾರವಾದ ಕಬ್ಬಿಣದ ತುಂಡನ್ನು ಒತ್ತಿಹಿಡಿದು ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿದರೆ ಸಾಮಾನ್ಯವಾಗಿ ಬಿಗಿಯಾಗುತ್ತದೆ. ಪೂರ್ತಿ ಸವೆದದ್ದನ್ನು ತೆಗೆದು, ಅಲ್ಯೂಮಿನಿಯಂ ರಿವೆಟ್ಟನ್ನೇ ಸೀಲಂಟ್ ಸವರಿ ಹಾಕಬೇಕು. ಆಸನದಡಿಯ ಫೋಮ್ ನೀರು ಕುಡಿದು ಭಾರವಾಗಿದ್ದರೆ ಅದನ್ನೂ ಬದಲಿಸಿರಿ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಕೊಳೆತಿದ್ದರೆ ಮರೈನ್ ಪ್ಲೈವುಡ್ ಹಾಕಬಹುದು. ಆದರೆ ಹುಳ, ಶಿಲೀಂಧ್ರಗಳ ಕಾಟ ತಡೆಯಲು ಅನೇಕ ಪ್ಲೈವುಡ್‌ಗಳಿಗೆ ತಾಮ್ರದ ಲವಣ ಉಣಿಸಿರುವುದರಿಂದ, ಅಂಚು ಮತ್ತು ಬೋಲ್ಟಿನ ತೂತುಗಳೂ ಸೇರಿ ಎಲ್ಲ ಕಡೆ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ) ಬಳಿದೇ ಅದನ್ನು ಕೂರಿಸಬೇಕು. ಉಪ್ಪುನೀರಿನಲ್ಲಿ ತಾಮ್ರಕ್ಕೂ ಅಲ್ಯೂಮಿನಿಯಂಗೂ ಸಂಪರ್ಕ ಬಂದರೆ ಅದೊಂದು ವಿದ್ಯುತ್ಕೋಶವಾಗಿ, ಸವೆಯುವ ಪಾಲು ಅಲ್ಯೂಮಿನಿಯಂನದಾಗುತ್ತದೆ.

ಇನ್ನು ಹಳೆಯ ಬಣ್ಣವನ್ನು ತೆಗೆಯುವ ಕೆಲಸ. ಕಾಸ್ಟಿಕ್ ಸೋಡಾ ಬಳಸಲೇಬಾರದು, ಅದು ಬಣ್ಣದೊಂದಿಗೆ ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ. ಕಬ್ಬಿಣದ ತಂತಿಯ ಬ್ರಷ್ ಕೂಡ ಬೇಡ, ಏಕೆಂದರೆ ಅದರ ಚೂರುಗಳು ಮೃದುವಾದ ಲೋಹದಲ್ಲಿ ಸಿಕ್ಕಿಕೊಂಡು ಮುಂದೆ ಒಂದೊಂದೂ ಸವೆತದ ಬೀಜವಾಗುತ್ತದೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇದೆಯೆಂದು ಭಾವಿಸಿ, ಮಾಸ್ಕ್ ಧರಿಸಿ, ನೀರು ಹಾಕಿಕೊಂಡು ಉಜ್ಜಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿರಿ, ಉಜ್ಜಿದ ಕೆಸರು ಹೊಳೆಗೆ ಹೋಗದಂತೆ ಕೆಳಗೆ ಟಾರ್ಪಾಲು ಹಾಸಿರಿ.

ಬಣ್ಣ ಹೋದ ಬಳಿಕ ಮೊದಲು ಸಿಹಿನೀರು ಮತ್ತು ಡಿಟರ್ಜೆಂಟಿನಿಂದ ಜಿಡ್ಡು ತೆಗೆದು, ಅನಂತರವೇ 80ರ, ಆಮೇಲೆ 120ರ ಸ್ಯಾಂಡ್‌ಪೇಪರಿನಿಂದ ಉಜ್ಜಬೇಕು. ಈ ಕ್ರಮ ಹಿಂದುಮುಂದಾದರೆ ಉಜ್ಜುವಾಗ ಉಂಟಾದ ಗೀರುಗಳೊಳಗೆ ಜಿಡ್ಡನ್ನು ತುಂಬಿದಂತಾಗುತ್ತದೆ. ಕೊನೆಯಲ್ಲಿ ಮೇಲಿನಿಂದ ನೀರು ಸುರಿದು ನೋಡಿರಿ: ನೀರು ಒಂದೇ ಪದರವಾಗಿ ಹರಡಿ ನಿಂತರೆ ಮೈ ಶುಚಿಯಾಗಿದೆ, ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ.

ಉಜ್ಜಿ ಒಣಗಿಸಿದ ಕೆಲವೇ ಗಂಟೆಗಳೊಳಗೆ ಪ್ರೈಮರ್ ಬಳಿಯಬೇಕು. ಗೇಟಿಗೂ ಕಿಟಕಿಯ ಸರಳಿಗೂ ಬಳಿಯುವ ರೆಡ್ ಆಕ್ಸೈಡ್ ಕಬ್ಬಿಣಕ್ಕೆಂದೇ ಇರುವುದು, ಇಲ್ಲಿ ಉಪಯೋಗವಿಲ್ಲ. ಸೀಸದ ರೆಡ್ ಲೆಡ್ ಪ್ರೈಮರ್ ಅಂತೂ ಅಲ್ಯೂಮಿನಿಯಂಗೆ ಹಾನಿಕರ. ಮರದ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರವನ್ನು ರಕ್ಷಿಸುತ್ತದೆ ನಿಜ, ಆದರೆ ಎಣ್ಣೆಯನ್ನು ಹೀರಿಕೊಳ್ಳದ ತಗಡಿನ ಮೇಲೆ ಅದು ಬಣ್ಣಕ್ಕೆ ಅಡ್ಡಿಯಾಗುತ್ತದೆ. ಅಲ್ಯೂಮಿನಿಯಂಗೆ ಸೂಕ್ತವೆಂದು ಡಬ್ಬಿಯ ಮೇಲೆ ಬರೆದಿರುವ, ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪ್ರೈಮರನ್ನು ಕೇಳಿ ತನ್ನಿರಿ. ಎಪಾಕ್ಸಿ ಬಿಸಿಲಿಗೆ ಪುಡಿಯೇಳುವುದರಿಂದ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕು. ಎರಡೂ ಒಂದೇ ಕಂಪೆನಿಯವಾಗಿದ್ದರೆ ಪರಸ್ಪರ ಹೊಂದಿಕೊಳ್ಳುತ್ತವೆ. ಪಾಲಿಯುರೆಥೇನಿನ ಗಟ್ಟಿಕಾರಕ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಾರಣ ಸ್ಪ್ರೇ ಮಾಡದೆ, ಬಯಲಿನಲ್ಲಿ ಬ್ರಷ್ ಅಥವಾ ರೋಲರಿನಿಂದಲೇ ಬಳಿಯಿರಿ.

ಕಾಸರಗೋಡಿನ ಹವೆಯಲ್ಲಿ ಈ ಕೆಲಸಕ್ಕೆ ತುಲಾವರ್ಷ (ಹಿಂಗಾರು ಮಳೆ) ಮುಗಿದ ಮೇಲಿನ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಯೋಗ್ಯ. ಗಾಳಿಯ ಆರ್ದ್ರತೆ 85 ಪ್ರತಿಶತ ಮೀರಿದ್ದಾಗ, ಅಥವಾ ಬೆಳಗಿನ ಇಬ್ಬನಿ ತಗಡಿನಿಂದ ಆರುವ ಮೊದಲು, ಬಣ್ಣ ಮುಟ್ಟಬಾರದು.

ದೋಣಿಯನ್ನು ದಿನವೂ ದಡಕ್ಕೆ ಎಳೆದಿಡುವುದಾದರೆ ತಳಕ್ಕೆ ಬೇರೇನೂ ಬೇಕಿಲ್ಲ. ಅಳಿವೆಯ ಹತ್ತಿರ ನೀರಿನಲ್ಲೇ ಕಟ್ಟಿಹಾಕುವುದಾದರೆ ಚಿಪ್ಪುಜೀವಿಗಳು ಅಂಟದಿರಲು ವಿಶೇಷ ಬಣ್ಣ ಬೇಕಾಗುತ್ತದೆ. ಮರ ಮತ್ತು ಫೈಬರ್ ದೋಣಿಗಳಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಆಕ್ಸೈಡ್ ಇರುವುದರಿಂದ ಅದನ್ನು ಬಿಟ್ಟು, ತಾಮ್ರವಿಲ್ಲದ್ದನ್ನೇ ಆರಿಸಿರಿ. ಜೊತೆಗೆ, ದೋಣಿಯ ಬದಲು ತಾನು ಸವೆಯುವ ಆನೋಡ್ ಒಂದನ್ನು ತಳಕ್ಕೆ ಬಿಗಿಯಿರಿ. ಸಮುದ್ರಕ್ಕೆ ಸತು ಆಗುತ್ತದೆ, ಆದರೆ ಸಿಹಿ-ಉಪ್ಪು ಬೆರೆತ ಹಿನ್ನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುವುದರಿಂದ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡೇ ಒಳ್ಳೆಯದು. ಅದು ಲೋಹಕ್ಕೆ ನೇರವಾಗಿ ತಾಗಿರಬೇಕು, ಅದರ ಮೇಲೆ ಬಣ್ಣ ಬೀಳಬಾರದು. ಅರ್ಧದಷ್ಟು ಸವೆದಾಗ ಬದಲಿಸಿರಿ.